ಅಮೃತಶಿಲೆಯಲ್ಲಿ ಉಳಿದ ಏಟು

ವೆರೋನದ ಸಂತ ಪೇತ್ರನ ಸಮಾಧಿಯನ್ನು ಒಂದೆಡೆ ನಿಂತು ನೋಡಿ ಮುಗಿಸಲಾಗುವುದಿಲ್ಲ. ಪ್ರದಕ್ಷಿಣೆ ಹಾಕಲೇಬೇಕು. ಮಿಲಾನಿನ ಸಾಂತ್ ಎವುಸ್ತೋರ್ಜಿಯೊ ಬಸಿಲಿಕದ ಹಿಂಬದಿಗೆ ಸೇರಿಕೊಂಡಿರುವ ಪೋರ್ತಿನಾರಿ ಚಾಪೆಲ್ಲಿನಲ್ಲಿ ಅದು ಇದೆ. ಕೆಂಪು ವೆರೋನಾ ಕಲ್ಲಿನ ಎಂಟು ಕಂಬಗಳು, ಒಂದೊಂದು ಕಂಬಕ್ಕೂ ಬೆನ್ನು ಕೊಟ್ಟು ನಿಂತ ಒಂದೊಂದು ಹೆಣ್ಣುಮೂರ್ತಿ, ಅವರ ತಲೆಯ ಮೇಲೆ ಬಿಳಿಯ ಅಮೃತಶಿಲೆಯ ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯ ನಾಲ್ಕೂ ಮೈಗೆ ಸೇರಿ ಎಂಟು ಉಬ್ಬುಶಿಲ್ಪದ ಫಲಕಗಳು. ಮೇಲೆ ತುದಿ ಕತ್ತರಿಸಿದ ಪಿರಮಿಡ್ಡಿನಂಥ ಮುಚ್ಚಳ. ಎಲ್ಲಕ್ಕಿಂತ ಮೇಲೆ ಪುಟ್ಟ ಮಂಟಪದೊಳಗೆ ಮಗುವನ್ನೆತ್ತಿಕೊಂಡ ಮಾತೆ ಮರಿಯಮ್ಮ, ಅವಳ ಎಡಬಲಕ್ಕೆ ಸಂತ ದೊಮಿನಿಕ್ ಮತ್ತು ಪೇತ್ರ. ಕೆತ್ತಿದವನು ಪೀಸಾ ಊರಿನ ಜೊವಾನ್ನಿ ದಿ ಬಾಲ್ದುಚ್ಚೊ. ತನ್ನ ಹೆಸರನ್ನೂ 1339 ಎಂಬ ಇಸವಿಯನ್ನೂ ಕಲ್ಲಿನಲ್ಲೇ ಬರೆದು ಹೋಗಿದ್ದಾನೆ.

ಎಂಟು ಫಲಕಗಳಲ್ಲಿ ಒಂದೇ ಒಂದರಲ್ಲಿ ಕೊಲೆಯಿದೆ. ಸಂತ ಕುಸಿಯುತ್ತಿದ್ದಾನೆ, ಕೊಲೆಗಾರ ಅವನ ಮೇಲೆರಗಿದ್ದಾನೆ. ಉಳಿದ ಏಳರ ತುಂಬ ಜನ. ಸುಡುಬಿಸಿಲಲ್ಲಿ ಬೋಧನೆ ಕೇಳುತ್ತ ಕೂತವರಿಗೆ ನೆರಳು ತಂದ ಮೋಡ, ಮಾತು ಬಂದ ಮೂಗ, ಕಾಯಿಲೆಯವರು, ಬಿರುಗಾಳಿಗೆ ಸಿಕ್ಕಿ ಸಂತನನ್ನು ಕರೆದು ಬದುಕಿದ ನಾವಿಕರು, ಶವಸಂಸ್ಕಾರ, ಪೋಪ್ ಸಂತಪದವಿ ಕೊಡುತ್ತಿರುವುದು, ಶರೀರವನ್ನು ಹೊಸ ಸಮಾಧಿಗೆ ಸಾಗಿಸುತ್ತಿರುವುದು. ನಾನು ಎಷ್ಟು ಸಲ ಸುತ್ತು ಹಾಕಿದರೂ ನನ್ನ ಕಾಲು ನಿಲ್ಲುತ್ತಿದ್ದದ್ದು ಆ ಒಂದು ಫಲಕದ ಎದುರಿಗೇ. ಮೊದಮೊದಲು ಸಂತನಿಗಾಗಿ ನಿಲ್ಲುತ್ತಿದ್ದೆ. ಆಮೇಲಾಮೇಲೆ ಕೊಲೆಗಾರನಿಗಾಗಿ.

ನನ್ನ ಗಂಡನ ಕೆಲಸದ ಕಾರಣಕ್ಕೆ ನಾವು ಕೆಲವು ವರ್ಷ ಮಿಲಾನಿನಲ್ಲಿದ್ದೆವು. ಪೋರ್ತಾ ತಿಚಿನೇಸೆ ಹೆಬ್ಬಾಗಿಲಿನ ಹತ್ತಿರ, ಟ್ರ್ಯಾಮು ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುವಂಥ ಹಳೆಯ ಕಟ್ಟಡದಲ್ಲಿ ಬಾಡಿಗೆಮನೆ. ಮನೆಯೊಡತಿ ಮೇಲಿನ ಮಹಡಿಯಲ್ಲಿದ್ದರು, ಎಪ್ಪತ್ತು ದಾಟಿದ ವಿಧವೆ. ಆಗ ನನಗೆ ಅರೆತಲೆನೋವಿನ ಕಾಟ ಜೋರಾಗಿತ್ತು. ಬಂತೆಂದರೆ ಪರದೆ ಎಳೆದು, ಹಣೆಗೆ ಒದ್ದೆಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಬಿದ್ದಿರುವುದೇ. ಒಂದು ದಿನ ಬಾಡಿಗೆ ಕೊಡಲು ಹೋದವಳ ಮುಖ ನೋಡಿ ಅವರು ಕೇಳಿದರು, "ಏನಾಯಿತು ಮಗಳೇ?" ಹೇಳಿದೆ. "ಇಷ್ಟು ಹತ್ತಿರದಲ್ಲಿದ್ದೂ ನೀನು ಸಂತ ಪೇತ್ರನ ಹತ್ತಿರ ಹೋಗಿಲ್ಲವೇ? ತಲೆಗೆ ಏಟು ತಿಂದು ಸತ್ತವನು. ತಲೆನೋವು ಅವನಿಗೆ ಗೊತ್ತು."

ಮಿಲಾನಿನವರಲ್ಲಿ ಅಂಥದ್ದೊಂದು ರೂಢಿ ಹಿಂದಿನಿಂದಲೂ ಇದೆ. ಏಪ್ರಿಲ್ ಕೊನೆಗೆ ಸಂತನ ಹಬ್ಬದ ಹೊತ್ತಿನಲ್ಲಿ ಬಂದು ಸಮಾಧಿಯ ಕಲ್ಲಿಗೆ ತಲೆ ತಾಗಿಸುವುದು, ಕೆಲವರು ಮೆಲ್ಲಗೆ ಕುಟ್ಟಿಕೊಳ್ಳುವುದು. ಸಂತನ ತಲೆ ಮಾತ್ರ ಪೆಟ್ಟಿಗೆಯಲ್ಲಿಲ್ಲ, ಪಕ್ಕದ ಪುಟ್ಟ ಕೋಣೆಯಲ್ಲಿ ಗಾಜಿನೊಳಗೆ ಬೇರೆಯಾಗಿ ಇಟ್ಟಿದ್ದಾರೆ. 14ನೇ ಶತಮಾನದಲ್ಲಿ ಆರ್ಚ್‌ಬಿಷಪ್ ಜೊವಾನ್ನಿ ವಿಸ್ಕೊಂತಿ ಆ ತಲೆಯನ್ನು ತನ್ನ ಮನೆಗೆ ಒಯ್ದನಂತೆ, ಒಯ್ದ ಗಳಿಗೆಯಿಂದ ತಾಳಲಾರದ ತಲೆನೋವು ಹತ್ತಿ, ತಂದು ಒಪ್ಪಿಸುವವರೆಗೂ ಬಿಡಲಿಲ್ಲವಂತೆ. ಇದು ದಂತಕಥೆ. ಆದರೆ ಗಾಜಿನೊಳಗಿನ ಆ ತಲೆಯನ್ನು ನೋಡಿದಾಗ ಸಂತ ಅನ್ನುವ ಮಾತು ಹಿಂದೆ ಸರಿದು, ಇದು ಒಬ್ಬ ಮನುಷ್ಯನಿಗೆ ಬಿದ್ದ ಏಟು ಅನ್ನುವುದಷ್ಟೇ ಎದುರಿಗೆ ಉಳಿಯುತ್ತದೆ.

ನಾನು ಹೋದೆ. ಕ್ಲಾಯ್ಸ್ಟರಿನ ಅಂಗಳದ ಕಡೆಯಿಂದ ಮ್ಯೂಸಿಯಮ್ಮಿನ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು. ನೆಲದಡಿಯಲ್ಲಿ ರೋಮನ್ ಕಾಲದ ಕ್ರೈಸ್ತರ ಸ್ಮಶಾನವಿದೆ, ಅದನ್ನೂ ನೋಡಬಹುದು. ಕೊನೆಗೆ ಚಾಪೆಲ್ಲು. ಮೆದಿಚಿ ಬ್ಯಾಂಕಿನ ಮಿಲಾನ್ ಶಾಖೆಯನ್ನು ನಡೆಸುತ್ತಿದ್ದ ಪಿಜೆಲ್ಲೊ ಪೋರ್ತಿನಾರಿ 1462ರಿಂದ 1468ರ ನಡುವೆ ಕಟ್ಟಿಸಿದ್ದು. ಗುಮ್ಮಟದ ಒಳಮೈಯಲ್ಲಿ ಮೀನಿನ ಹುರುಪೆಯ ಹಾಗೆ ಸಾಲುಸಾಲಾಗಿ ಕಾಮನಬಿಲ್ಲಿನ ಬಣ್ಣಗಳು, ಅದರ ಬುಡದಲ್ಲಿ ಸುತ್ತಲೂ ಕುಣಿಯುವ ದೇವದೂತರು, ಗೋಡೆಯ ಮೇಲೆ ವಿಂಚೆಂಜೊ ಫೊಪ್ಪನ ಚಿತ್ರಗಳು. ಬಾಲ್ದುಚ್ಚೊನ ಸಮಾಧಿ ಇಲ್ಲಿಗೆ ಬಂದದ್ದು ಬಹಳ ತಡವಾಗಿ, 18ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಬಸಿಲಿಕದೊಳಗಿತ್ತು. ಆದರೂ ಈ ಬೆಳಕು ಈ ಕಲ್ಲಿಗೆಂದೇ ಮಾಡಿಟ್ಟದ್ದು ಅನಿಸುತ್ತದೆ. ಹಬ್ಬದ ಆ ದಿನ ಮೊಮ್ಮಗನ ಕೈಹಿಡಿದು ಬಂದ ಅಜ್ಜಿಯೊಬ್ಬಳು ಹುಡುಗನ ಹಣೆಯನ್ನು ಕಲ್ಲಿಗೆ ತಾಗಿಸಿದಳು. ನಾನೂ ತಾಗಿಸಿದೆ. ಕಲ್ಲು ತಣ್ಣಗಿತ್ತು. ತಲೆನೋವು ಹೋಯಿತೇ ಎಂದು ಈಗಲೂ ಕೇಳುವವರಿದ್ದಾರೆ. ಇಲ್ಲ, ಹೋಗಲಿಲ್ಲ. ಆದರೆ ಆ ದಿನದಿಂದ ಆ ಸಮಾಧಿ ನನ್ನನ್ನು ಬಿಡಲಿಲ್ಲ.

ಪೇತ್ರ ಹುಟ್ಟಿದ್ದು 1205ರ ಆಸುಪಾಸು, ವೆರೋನದಲ್ಲಿ. ಹೆತ್ತವರು ಕಥಾರ ಪಂಥದವರು. ಈ ಲೋಕವನ್ನು, ಈ ಮೈಯನ್ನು ಸೃಷ್ಟಿಸಿದ್ದು ಒಳ್ಳೆಯ ದೇವರಲ್ಲ, ಕೆಟ್ಟ ಶಕ್ತಿ ಎಂದು ನಂಬುತ್ತಿದ್ದವರು ಕಥಾರರು. ಮಾಂಸ ಮುಟ್ಟದೆ, ಆಣೆ ಪ್ರಮಾಣ ಮಾಡದೆ, ಬಹಳ ಕಟ್ಟುನಿಟ್ಟಾಗಿ ಬದುಕುತ್ತಿದ್ದ ಗುರುಗಳು ಅವರಲ್ಲಿದ್ದರು. ಅಂಥ ಮನೆಯ ಹುಡುಗ ಬೊಲೋನಾಗೆ ಓದಲು ಹೋಗಿ, ಆಗಷ್ಟೇ ಹುಟ್ಟಿದ್ದ ದೊಮಿನಿಕನ್ ಸಂಘ ಸೇರಿ, ತನ್ನ ಹೆತ್ತವರ ನಂಬಿಕೆಯ ವಿರುದ್ಧವೇ ಊರೂರು ಬೋಧಿಸಿದ. ಅವನ ಮಾತು ಕೇಳಲು ಚೌಕಗಳು ಸಾಲದಷ್ಟು ಜನ ಸೇರುತ್ತಿದ್ದರು. 1251ರಲ್ಲಿ ಪೋಪ್ ನಾಲ್ಕನೇ ಇನೊಸೆಂಟ್ ಅವನನ್ನು ಲೊಂಬಾರ್ದಿಯ ಇನ್‌ಕ್ವಿಜಿಟರ್ ಮಾಡಿದರು. ಯಾರ ನಂಬಿಕೆ ಸರಿ, ಯಾರದ್ದು ತಪ್ಪು ಎಂದು ವಿಚಾರಣೆ ಮಾಡಿ ತೀರ್ಪು ಕೊಡುವ ಅಧಿಕಾರ.

1252ರ ಏಪ್ರಿಲ್ 6, ಈಸ್ಟರ್ ಕಳೆದ ಶನಿವಾರ. ಪೇತ್ರ ಕೋಮೊದಿಂದ ಮಿಲಾನಿಗೆ ಕಾಲ್ನಡಿಗೆಯಲ್ಲಿ ಬರುತ್ತಿದ್ದ. ಕಥಾರರ ಕಡೆಯವರು ದುಡ್ಡು ಕೊಟ್ಟು ಗೊತ್ತುಮಾಡಿದ್ದ ಇಬ್ಬರು ಬಾರ್ಲಸ್ಸೀನದ ಹತ್ತಿರ ಕಾಡುದಾರಿಯಲ್ಲಿ ಹೊಂಚು ಹಾಕಿದ್ದರು. ಒಬ್ಬನಿಗೆ ಕೊನೆಗಳಿಗೆಯಲ್ಲಿ ಧೈರ್ಯ ಸಾಲದೆ ಹಿಂದೆ ಸರಿದ. ಇನ್ನೊಬ್ಬ ಬಾಲ್ಸಮೊ ಹಳ್ಳಿಯ ಕರೀನೊ. ಸೌದೆ ಸವರುವ ಬಾಗುಗತ್ತಿಯಿಂದ ಪೇತ್ರನ ತಲೆಗೆ ಹೊಡೆದ, ಜತೆಯಲ್ಲಿದ್ದ ಬ್ರದರ್ ದೊಮೆನಿಕೊನನ್ನೂ ಕಡಿದ. ದೊಮೆನಿಕೊ ಕೆಲವು ದಿನ ನರಳಿ ತೀರಿಕೊಂಡ. ಬಿದ್ದ ಪೇತ್ರ ತನ್ನದೇ ರಕ್ತದಲ್ಲಿ ಬೆರಳದ್ದಿ ಮಣ್ಣಿನ ಮೇಲೆ 'ನಾನು ವಿಶ್ವಾಸಿಸುತ್ತೇನೆ' ಎಂದು ಬರೆದ ಅನ್ನುತ್ತದೆ ಪರಂಪರೆ.

ಈ ಕೊಲೆಯನ್ನು ಚಿತ್ರಿಸದ ಊರೇ ಇಟಲಿಯಲ್ಲಿಲ್ಲವೇನೋ. ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದಲ್ಲಿ ಫ್ರಾ ಆಂಜೆಲಿಕೊ ಬರೆದ ಪೇತ್ರ ತಲೆಯ ಗಾಯದೊಂದಿಗೇ ತುಟಿಗೆ ಬೆರಳಿಟ್ಟು ಮೌನ ಎನ್ನುತ್ತಾನೆ. ವೆನಿಸ್ಸಿನಲ್ಲಿ ತಿಶಿಯನ್ ಬರೆದದ್ದು 1867ರ ಬೆಂಕಿಯಲ್ಲಿ ಸುಟ್ಟುಹೋಯಿತು. ನನಗೆ ಎಲ್ಲಕ್ಕಿಂತ ಕಾಡಿದ್ದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಬೆಲ್ಲೀನಿಯ ಚಿತ್ರ. ಮುಂದೆ ಕೊಲೆ ನಡೆಯುತ್ತಿದೆ, ಹಿಂದೆ ಮರ ಕಡಿಯುವವರು ತಮ್ಮ ಪಾಡಿಗೆ ಕೊಡಲಿ ಬೀಸುತ್ತಿದ್ದಾರೆ. ಒಬ್ಬನೂ ತಿರುಗಿ ನೋಡುವುದಿಲ್ಲ. ಬಾಲ್ದುಚ್ಚೊ ಅವರೆಲ್ಲರಿಗಿಂತ ಮೊದಲಿನವನು. ಬಣ್ಣವಿಲ್ಲ, ರಕ್ತದ ಕೆಂಪಿಲ್ಲ, ದೂರದ ಬೆಟ್ಟಗಳಿಲ್ಲ. ಬಿಳಿಗಲ್ಲಿನಲ್ಲಿ ಎಲ್ಲವೂ ಒಂದೇ ಬಣ್ಣ: ಸಂತನ ನಿಲುವಂಗಿ, ಕೊಲೆಗಾರನ ತೋಳು, ಕತ್ತಿಯ ಅಲಗು. ಒಂದೇ ಗಣಿಯ ಕಲ್ಲಿನಿಂದ ಕೊಲ್ಲುವವನೂ ಸಾಯುವವನೂ ಎದ್ದು ಬಂದಿದ್ದಾರೆ.

ಕೆಲಸದ ದೃಷ್ಟಿಯಿಂದ ನೋಡಿದರೆ ಈ ಸಮಾಧಿಯ ಹೆಚ್ಚುಗಾರಿಕೆ ಫಲಕಗಳಲ್ಲಿಲ್ಲ. ಅವುಗಳಲ್ಲಿ ಸಹಾಯಕರ ಕೈ ಬೇಕಾದಷ್ಟಿದೆ, ಮುಖಗಳು ಒಂದರಂತೆ ಒಂದು. ಗುರುವಿನ ಕೈ ಕಾಣುವುದು ಕೆಳಗೆ ನಿಂತ ಎಂಟು ಹೆಣ್ಣುಗಳಲ್ಲಿ. ನ್ಯಾಯ, ಸಂಯಮ, ಸ್ಥೈರ್ಯ, ವಿವೇಕ, ವಿಧೇಯತೆ, ಭರವಸೆ, ವಿಶ್ವಾಸ, ಪ್ರೀತಿ. ಒಬ್ಬೊಬ್ಬಳ ಪಾದದ ಕೆಳಗೂ ಪ್ರಾಣಿಗಳು. ಸಂಯಮ ಹೂಜಿಯಿಂದ ನೀರು ಸುರಿಯುತ್ತಾಳೆ, ಎಷ್ಟು ಬೇಕೋ ಅಷ್ಟೇ ಎನ್ನುವ ಹಾಗೆ. ಪ್ರೀತಿ ಎರಡು ಕೂಸುಗಳಿಗೆ ಹಾಲೂಡುತ್ತಾಳೆ. ವಿವೇಕಕ್ಕೆ ಮೂರು ಮುಖ: ಒಂದು ಎಳೆಯದು, ಒಂದು ನಡುವಯಸ್ಸಿನದು, ಒಂದು ಮುಪ್ಪಿನದು. ಆಗಿದ್ದನ್ನು, ಆಗುತ್ತಿರುವುದನ್ನು, ಆಗಲಿರುವುದನ್ನು ಒಟ್ಟಿಗೆ ನೋಡುವವಳು. ಸಂತನ ಇಡೀ ಕಥೆಯನ್ನು ತಲೆಯ ಮೇಲೆ ಹೊತ್ತು ನಿಂತಿರುವವಳು ಅವಳೂ ಹೌದು. ಕೊಲೆಯ ಫಲಕವನ್ನು ನೋಡಿ ಮತ್ತೆ ಅವಳ ಎದುರು ಬಂದು ನಿಂತಾಗ, ಈ ಕಥೆಯ ಮುಂದಿನ ಮುಖ ಎಲ್ಲಿ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿತು.

ಮುಂದಿನದನ್ನು ನಾನು ಪುಸ್ತಕಗಳಲ್ಲಿ ಓದಿಕೊಂಡೆ. ಪೇತ್ರನಿಗೆ ಸಂತಪದವಿ ಸಿಕ್ಕಿದ್ದು 1253ರ ಮಾರ್ಚಿನಲ್ಲಿ, ಸತ್ತು ವರ್ಷ ತುಂಬುವ ಮೊದಲೇ. ಪೋಪರು ವಿಧಿವತ್ತಾಗಿ ಸಂತಪದವಿ ಕೊಟ್ಟವರಲ್ಲಿ ಇಷ್ಟು ಬೇಗ ಸಿಕ್ಕಿದ್ದು ಇನ್ನಾರಿಗೂ ಇಲ್ಲ. ಫಲಕದಲ್ಲಿ ಅದಿದೆ. ಆದರೆ ಅದಕ್ಕಿಂತ ಬೇಗ ಇನ್ನೊಂದು ನಡೆದಿತ್ತು. ಕೊಲೆಯಾಗಿ ಒಂದು ತಿಂಗಳು ಚಿಲ್ಲರೆ ದಿನ ಕಳೆಯುವುದರೊಳಗೆ, 1252ರ ಮೇ 15ರಂದು, ಅದೇ ಇನೊಸೆಂಟ್ ಹೊರಡಿಸಿದ ಆಜ್ಞಾಪತ್ರ ವಿಚಾರಣೆಯಲ್ಲಿ ಚಿತ್ರಹಿಂಸೆ ಕೊಡಲು ಒಪ್ಪಿಗೆ ಕೊಟ್ಟಿತು. ಅದು ಯಾವ ಫಲಕದಲ್ಲೂ ಇಲ್ಲ. 1276ರಲ್ಲಿ ಗಾರ್ದಾ ಸರೋವರದ ದಂಡೆಯ ಸಿರ್ಮಿಯೋನೆಯಲ್ಲಿ ಅಡಗಿದ್ದ ಕಥಾರರನ್ನು ಹಿಡಿದರು. 1278ರ ಫೆಬ್ರವರಿಯಲ್ಲಿ ಅವರಲ್ಲಿ ಸುಮಾರು 200 ಜನರನ್ನು ಸುಟ್ಟರು. ಎಲ್ಲಿ? ವೆರೋನದ ಅರೇನಾದಲ್ಲಿ. ಪೇತ್ರ ಹುಟ್ಟಿದ ಊರಿನ ನಡುಮಧ್ಯೆ, ಈಗ ಬೇಸಿಗೆಯ ರಾತ್ರಿಗಳಲ್ಲಿ ಒಪೆರಾ ನಡೆಯುವ ಅದೇ ರೋಮನ್ ರಂಗಮಂದಿರದಲ್ಲಿ. ಅವನ ಅಪ್ಪ ಅಮ್ಮ ಯಾವ ನಂಬಿಕೆಯಲ್ಲಿ ಬಾಳಿದ್ದರೋ ಅದೇ ನಂಬಿಕೆಯ ಜನ.

ಅರೇನಾಕ್ಕೆ ನಾವು ಒಪೆರಾ ನೋಡಲು ಹೋಗಿದ್ದೆವು. ಬಿಸಿಲು ಕುಡಿದ ಕಲ್ಲಿನ ಮೆಟ್ಟಿಲು ರಾತ್ರಿಯಾದರೂ ಬೆಚ್ಚಗಿತ್ತು. ಸುತ್ತ ಜನ ದ್ರಾಕ್ಷಾರಸ, ರೊಟ್ಟಿ ತಂದುಕೊಂಡು ಖುಷಿಯಾಗಿದ್ದರು. ನನಗೆ ಹಾಡು ಕಿವಿಗೆ ಬೀಳಲೇ ಇಲ್ಲ. ಮಧ್ಯಂತರದಲ್ಲಿ ಗಂಡ ಕೇಳಿದ, "ತಲೆನೋವಾ?" ಅಲ್ಲ ಎಂದೆ. ಸುಟ್ಟುಹೋದವರಿಗೆ ಬಾಲ್ದುಚ್ಚೊ ಇರಲಿಲ್ಲ, ಅಮೃತಶಿಲೆ ಇರಲಿಲ್ಲ, ಅವರ ಕಾಯಿಲೆಯ ಮಕ್ಕಳ ಹಣೆ ತಾಗಿಸಲು ಒಂದು ಕಲ್ಲೂ ಇರಲಿಲ್ಲ. ಒಬ್ಬನ ಸಾವಿಗೆ ಇಷ್ಟು ಚೆಲುವಾದ ಸಮಾಧಿ ಎದ್ದಾಗ, ಆ ಚೆಲುವು ಬೇರೆಯವರ ಸಾವನ್ನು ಮರೆಸುತ್ತದೆ. ಪೇತ್ರನ ಮೇಲೆ ನನಗೆ ಕೋಪವಿಲ್ಲ. ನಂಬಿದ್ದಕ್ಕಾಗಿ ಬರಿಗೈಯಲ್ಲಿ ಕಾಡುದಾರಿಯಲ್ಲಿ ನಡೆದು ಸತ್ತವನು ಅವನು. ಅವನ ಸಾವನ್ನು ಆಯುಧ ಮಾಡಿಕೊಂಡವರು ಬೇರೆ.

ಇದನ್ನೆಲ್ಲ ನಾನು ಮನೆಯೊಡತಿಯ ಎದುರು ಅರೆಬರೆ ಇಟಾಲಿಯನ್ನಿನಲ್ಲಿ ಹೇಳಿಕೊಂಡೆ. ಅವರ ಭಕ್ತಿಗೆ ನೋವಾಗುತ್ತದೆಯೇನೋ ಎಂಬ ಅಳುಕಿತ್ತು. ಅವರು ಕಾಫಿಯ ಮೋಕಾ ಪಾತ್ರೆಯನ್ನು ಒಲೆಯಿಂದ ಇಳಿಸಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಕರೀನೊ ಏನಾದ ಗೊತ್ತೇ ನಿನಗೆ?" ಎಂದು ಕೇಳಿದರು. ಗೊತ್ತಿರಲಿಲ್ಲ.

ಕರೀನೊ ಸಿಕ್ಕಿಬಿದ್ದು ಮಿಲಾನಿನ ಸೆರೆಯಲ್ಲಿದ್ದ. ಅಲ್ಲಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡಿದ. ಫೊರ್ಲಿ ಎಂಬ ಊರಿನಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಸಾಯುತ್ತೇನೆಂದುಕೊಂಡು ಒಬ್ಬ ಪಾದ್ರಿಯೆದುರು ಎಲ್ಲವನ್ನೂ ಒಪ್ಪಿಕೊಂಡ. ಆ ಪಾದ್ರಿ ದೊಮಿನಿಕನ್. ಅಂದರೆ ತಾನು ಕೊಂದವನ ಸಂಘದವನೇ. ಕರೀನೊ ಸಾಯಲಿಲ್ಲ. ಗುಣವಾದ ಮೇಲೆ ಅದೇ ಸಂಘದ ಫೊರ್ಲಿ ಮಠದ ಬಾಗಿಲು ತಟ್ಟಿ, ಮಠದ ಚಾಕರಿ ಮಾಡುವ ಸೋದರನಾಗಿ ಸೇರಿಕೊಂಡ. ಅವರು ಸೇರಿಸಿಕೊಂಡರು. ಈ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಪವಾಡ ಇದು: ಅವರು ಸೇರಿಸಿಕೊಂಡರು. ಸುಮಾರು 40 ವರ್ಷ ಅಲ್ಲೇ ಬಾಳಿ 1293ರಲ್ಲಿ ತೀರಿಕೊಂಡ. ತನ್ನನ್ನು ಪವಿತ್ರ ಮಣ್ಣಿನಲ್ಲಿ ಹೂಳಬೇಡಿ, ಅಪರಾಧಿಗಳ ಜತೆ ಹೂಳಿ ಎಂದು ಕೇಳಿಕೊಂಡಿದ್ದನಂತೆ. ಊರ ಜನ ಕೇಳಲಿಲ್ಲ. ಅವನನ್ನು ಪುಣ್ಯವಂತನೆಂದು ಪೂಜಿಸಿದರು. 20ನೇ ಶತಮಾನದಲ್ಲಿ ಅವನ ಅಸ್ಥಿ ಹುಟ್ಟೂರಿಗೆ ಮರಳಿತು. ಬಾಲ್ಸಮೊ ಈಗ ಮಿಲಾನಿಗೆ ತಾಗಿಕೊಂಡೇ ಇರುವ ಚಿನಿಸೆಲ್ಲೊ ಬಾಲ್ಸಮೊ ಪಟ್ಟಣದ ಒಂದು ಭಾಗ.

ಮನೆಯೊಡತಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅಪಾರ್ಟ್‌ಮೆಂಟುಗಳು, ಸೂಪರ್ ಮಾರ್ಕೆಟ್ಟು, ಬಸ್ಸು ಕಾಯುವ ಮಕ್ಕಳು, ನಡುವೆ ಸಂತ ಮಾರ್ಟಿನನ ಚರ್ಚು. ಪೋರ್ತಿನಾರಿಯಂಥ ಗುಮ್ಮಟವಿಲ್ಲ, ಎಂಟು ಗುಣಗಳು ಹೊತ್ತು ನಿಂತಿಲ್ಲ, ಟಿಕೆಟ್ಟಿಲ್ಲ. ಅವರು ಮೇಣದಬತ್ತಿ ಹಚ್ಚಿ ಮಂಡಿಯೂರಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಹೊರಗೆ ಬಂದು ಟ್ರ್ಯಾಮಿಗೆ ಕಾಯುವಾಗ ಅವರು ತಮ್ಮನ ಮಾತು ತೆಗೆದರು. ಅದುವರೆಗೆ ತಮ್ಮನೊಬ್ಬ ಇದ್ದನೆಂಬುದೇ ನನಗೆ ತಿಳಿದಿರಲಿಲ್ಲ. ಹರೆಯದಲ್ಲಿ ಜಗಳದಲ್ಲಿ ಒಬ್ಬನನ್ನು ಚಾಕುವಿನಿಂದ ಇರಿದಿದ್ದ. ಆ ಮನುಷ್ಯ ಉಳಿಯಲಿಲ್ಲ. ತಮ್ಮ ಸೆರೆಮನೆಯಲ್ಲಿ ಶಿಕ್ಷೆ ಮುಗಿಸಿ ಬಂದಾಗ ತಾಯಿ ಬದುಕಿರಲಿಲ್ಲ, ಅಣ್ಣಂದಿರು ಬಾಗಿಲು ತೆಗೆಯಲಿಲ್ಲ. ಇವರು ತೆಗೆದಿದ್ದರು. ಆಮೇಲೆ ಅವನು ಊರಾಚೆ ಬಡಗಿಯ ಕೆಲಸ ಮಾಡಿಕೊಂಡು, ಯಾರಿಗೂ ನೋವು ಕೊಡದೆ ಬಾಳಿದ.

"ಒಂದು ಸಲ ಅವನನ್ನು ಸಂತ ಪೇತ್ರನ ಹತ್ತಿರ ಕರೆದುಕೊಂಡು ಹೋಗಿದ್ದೆ," ಎಂದರು. "ಆ ಕೊಲೆಯ ಕಲ್ಲಿನ ಎದುರು ನಿಂತ. ಅಕ್ಕಾ, ಇವನು ಆಮೇಲೆ ಏನು ಮಾಡಿದ ಅಂತ ಇಲ್ಲಿ ಎಲ್ಲಾದರೂ ಕೆತ್ತಿದ್ದಾರಾ ಅಂತ ಕೇಳಿದ. ಎಲ್ಲ ಕಡೆ ಸುತ್ತು ಬಂದು ಹುಡುಕಿದ. ಇಲ್ಲ ಕಣೋ ಅಂದೆ."

ನಾನು ಲೆಕ್ಕ ಹಾಕಿ ನೋಡಿದ್ದೇನೆ. ಬಾಲ್ದುಚ್ಚೊ ತನ್ನ ಹೆಸರು ಕೆತ್ತಿದ 1339ಕ್ಕೆ ಕರೀನೊ ಸತ್ತು 46 ವರ್ಷವಾಗಿತ್ತು. ಸಮಾಧಿ ಮಾಡಿಸಿದವರು ದೊಮಿನಿಕನ್ನರು. ಕರೀನೊನನ್ನು ಅಷ್ಟು ವರ್ಷ ಜತೆಗಿಟ್ಟುಕೊಂಡು ಉಣ್ಣಿಸಿದವರೂ, ಹೂತವರೂ ದೊಮಿನಿಕನ್ನರೇ. ಒಂದೇ ಸಂಘ. ಎಂಟು ಫಲಕಗಳಿಗೆ ಜಾಗವಿತ್ತು. ಹಡಗಿಗೆ ಒಂದು, ಮೋಡಕ್ಕೆ ಒಂದು ಕೊಟ್ಟರು. ಫೊರ್ಲಿ ಮಠದ ಬಾಗಿಲಿಗೆ ಒಂದನ್ನು ಕೊಡಬಹುದಿತ್ತು. ಹುತಾತ್ಮನ ಮಹಿಮೆಗೆ ಅದರಿಂದ ಕುಂದೇನೂ ಬರುತ್ತಿರಲಿಲ್ಲ. ಮಾತು ಬಂದ ಮೂಗನಿಗಿಂತ ಮನಸ್ಸು ತಿರುಗಿದ ಕೊಲೆಗಾರ ದೊಡ್ಡ ಸಾಕ್ಷಿಯಾಗುತ್ತಿದ್ದ ಎಂದೇ ನನ್ನ ನಂಬಿಕೆ. ಕೊಡಲಿಲ್ಲ. ಹಾಗಾಗಿ ಕರೀನೊ ಆ ಬಿಳಿಗಲ್ಲಿನಲ್ಲಿ ಇಷ್ಟು ಶತಮಾನಗಳಿಂದ ಅದೇ ಒಂದು ಏಟು ಹೊಡೆಯುತ್ತಲೇ ಇದ್ದಾನೆ. ಆಮೇಲಿನ ಅವನ 40 ವರ್ಷದ ನೀರು ಸೇದುವಿಕೆ, ಕಸ ಗುಡಿಸುವಿಕೆ, ಪ್ರಾರ್ಥನೆ ಅಲ್ಲಿಗೆ ಬರುವ ಯಾರಿಗೂ ಕಾಣುವುದಿಲ್ಲ.

ಮನೆಯೊಡತಿ ಈಗಿಲ್ಲ. ನಾವು ಊರಿಗೆ ಮರಳಿ ಬಹಳ ಕಾಲವಾಯಿತು. ಪರಿಚಯದವರ ಮಕ್ಕಳು ಓದಲಿಕ್ಕೋ ಕೆಲಸಕ್ಕೋ ಮಿಲಾನಿಗೆ ಹೊರಟಾಗ ಏನು ನೋಡಬೇಕೆಂದು ಕೇಳುತ್ತಾರೆ. ದುವೋಮೊ ಚರ್ಚನ್ನೂ ಲಿಯೊನಾರ್ದೊನ ಕಡೆಯ ಭೋಜನವನ್ನೂ ಯಾರಾದರೂ ತೋರಿಸುತ್ತಾರೆ, ಅದಕ್ಕೆ ನಾನು ಬೇಕಿಲ್ಲ. ನಾನು ಸಾಂತ್ ಎವುಸ್ತೋರ್ಜಿಯೊ ವಿಳಾಸ ಬರೆದುಕೊಡುತ್ತೇನೆ, ಅದರ ಕೆಳಗೇ ಬಾಲ್ಸಮೊದ ಚರ್ಚಿನದ್ದನ್ನೂ ಬರೆಯುತ್ತೇನೆ. ಎರಡಕ್ಕೂ ಹೋಗುವುದಾದರೆ ಮಾತ್ರ ಹೋಗಿ ಎನ್ನುತ್ತೇನೆ. ಒಂದೇ ದಿನದಲ್ಲಿ ಆಗುತ್ತದೆ. ಬೆಳಿಗ್ಗೆ ಸಮಾಧಿ ನೋಡಿ, ಊಟ ಮುಗಿಸಿ, ಚಿನಿಸೆಲ್ಲೊ ಬಾಲ್ಸಮೊ ಕಡೆಯ ಟ್ರ್ಯಾಮು ಹತ್ತಿದರೆ ಸಾಕು.